ಪಾದ ಮಾತ್ರ ಬೆಚ್ಚಗಿತ್ತು

ಸತ್ತವರು ಬಂದರು, ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವಳು ನಾನು. "ಹೊಟ್ಟಿ ಬಿರಿಯಂಗ ಉಂಡು ಮಲಗಿದ್ದಿ, ಕನಸು ಬಿದ್ದೈತಿ, ಹೋಗ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮರುವರ್ಷ, ಎರಡು ಸಾವಿರದ ಇಸವಿಯ ಆಸುಪಾಸು. ಕೂಡ್ಲಿಗಿ ಹತ್ತಿರದ ನಮ್ಮ ಹೊಲದಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದೆವು. ಕಾಯಿ ಬಿಡಿಸಲು ಕೂತವರು ಮೊದಲು ಕೋಲಿನಿಂದ ಗುಡ್ಡೆ ಕೆದರಿ, ಆಮೇಲೆ ಗಿಡ ಎಳೆದುಕೊಳ್ಳಬೇಕು. ಮಾತಿನ ಭರದಲ್ಲಿ ನಾನು ಬರಿಗೈ ತೂರಿಸಿದೆ. ಕೆಂಪು ಚೇಳು ಕುಟುಕಿಬಿಟ್ಟಿತು! ನಮ್ಮ ಕಡೆ ಕರಿ ಚೇಳಿಗಿಂತ ಅದಕ್ಕೇ ಹೆಚ್ಚು ಹೆದರುವುದು.

ಆಸ್ಪತ್ರೆ ಸೇರುವಷ್ಟರಲ್ಲಿ ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ಎದೆ ಒಡೆದುಹೋಗುವಂತೆ ಬಡಿದುಕೊಳ್ಳುತ್ತಿತ್ತು, ಕೈಕಾಲು ತಣ್ಣಗೆ ಕೊರೆಯುತ್ತಿದ್ದವು. ಮಗ ಕೊಟ್ರೇಶ ತಲೆಯ ಬಳಿ ಕೂತು ನನ್ನ ಕೈ ಹಿಡಿದು, "ಅವ್ವಾ, ಕಣ್ಣು ಮುಚ್ಚಬ್ಯಾಡ. ಅಪ್ಪನೂ ಹೋದ, ನೀನೂ ಹೋದ್ರ ನನಗ್ಯಾರದಾರ?" ಎಂದು ಅಳುತ್ತಿದ್ದ. ನಿಜ ಹೇಳಲೇ? ನನಗೆ ಹೋಗಿಬಿಡಬೇಕು ಅನಿಸಿತ್ತು. ಅವರಿಲ್ಲದ ಮನೆ ಸಾಕಾಗಿತ್ತು.

ಆಗ ಯಾರೋ ನನ್ನ ಪಾದ ತಿಕ್ಕತೊಡಗಿದರು. ಹೆಬ್ಬೆರಳನ್ನು ಅಂಗಾಲಿನ ನಡುವೆ ಒತ್ತಿ ಹಿಮ್ಮಡಿವರೆಗೆ ಎಳೆಯುವ ರೀತಿ. ಹಾಗೆ ತಿಕ್ಕುತ್ತಿದ್ದವರು ಒಬ್ಬರೇ. ಚಳಿಗಾಲದಲ್ಲಿ ಮನೆಯವರೆಲ್ಲ ಮಲಗಿದ ಮೇಲೆ ಯಜಮಾನರು ನನ್ನ ಕಾಲು ಹಿಡಿಯುತ್ತಿದ್ದರು. "ಬಿಡ್ರಿ, ಗಂಡ ಹೆಂಡ್ತಿ ಕಾಲು ಮುಟ್ಟಬಾರದು, ನನಗ ಪಾಪ ಬರ್ತೈತಿ" ಎಂದು ಎಳೆದುಕೊಂಡರೆ, "ಸುಮ್ನಿರಲೇ, ನೋಡಾಕ ಯಾರದಾರ" ಎಂದು ನಗುತ್ತಿದ್ದರು. ಆ ದಿನ ನಾನು ಕಾಲು ಎಳೆದುಕೊಳ್ಳಲಿಲ್ಲ. ಇನ್ನಷ್ಟು ತಿಕ್ಕಲಿ ಎಂಬ ಆಸೆಗೇ ಉಸಿರು ಹಿಡಿದುಕೊಂಡಿದ್ದೆ.

ಡಾಕ್ಟರು ಬಂದು ಮುಟ್ಟಿ ನೋಡಿದರು. "ಕೈ ಐಸ್ ಆಗ್ಯಾವ. ಪಾದ ಹೆಂಗ ಇಷ್ಟು ಬೆಚ್ಚಗದಾವ? ತಿಕ್ಕಿದಿಯೇನಪ್ಪ?"

"ಇಲ್ರಿ ಸರ, ನಾ ಅವ್ವನ ಕೈ ಬಿಟ್ಟು ಎದ್ದೇ ಇಲ್ಲ" ಎಂದ ಕೊಟ್ರೇಶ.

ಈ ವಿಷ ಏರಿದರೆ ರಕ್ತನಾಳ ಬಿಗಿಯುತ್ತವೆ, ರಕ್ತ ಸಾಲದೆ ಕೈಕಾಲು ತಣ್ಣಗಾಗುತ್ತವೆ, ಗುಂಡಿಗೆಗೆ ಭಾರ ಬೀಳುತ್ತದೆ ಎಂದು ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ಪಾದದ ಮಾತು ಬಂದಾಗ ಚೀಟಿ ಬರೆಯತೊಡಗಿದರು. ಅವರು ಕೊಟ್ಟ ಮಾತ್ರೆಗೆ ಬಿಗಿ ಸಡಿಲಿ, ಎದೆಬಡಿತ ತಗ್ಗಿ, ಕೈ ಬೆಚ್ಚಗಾಯಿತು. "ಉಳಕೊಂಡಿ ಬಿಡವ್ವ" ಎಂದು ಮಗ ಹಿಗ್ಗಿದ. ಆ ಹೊತ್ತಿಗೇ ಪಾದದ ಮೇಲಿನ ಹಿಡಿತ ಬಿಟ್ಟುಹೋಗಿತ್ತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅದೇನೆಂದು ಈವರೆಗೂ ನನಗೆ ತಿಳಿದಿಲ್ಲ. ಚಳಿಗಾಲದಲ್ಲಿ ಕಾಲನ್ನು ಹೊದಿಕೆಯ ಹೊರಗಿಟ್ಟೇ ಮಲಗುತ್ತೇನೆ. "ಥಂಡಿ ಹತ್ತತೈತಿ, ಅತ್ತಿ" ಎಂದು ಸೊಸೆ ಬಂದು ಮುಚ್ಚುತ್ತಾಳೆ. ಅವಳು ಹೋದ ಮೇಲೆ ಮತ್ತೆ ಹೊರಗಿಡುತ್ತೇನೆ.