ದಿನ ಬಿಟ್ಟು ದಿನ

ನಾನು ಚಿಕ್ಕವನಿದ್ದಾಗ ಶ್ರೀರಾಂಪುರದ ನಮ್ಮ ಬೀದಿ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು, ಅದೂ ಸರಿಯಾಗಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ. ಹಾಗಾಗಿ ನನ್ನ ಅಕ್ಕ, ಅಂದರೆ ನಿಮ್ಮ ಅಜ್ಜಿ, ದಿನ ಬಿಟ್ಟು ದಿನ ಶಾಲೆಗೆ ಹೋಗುತ್ತಿದ್ದಳು.

ಅಪ್ಪ ಕಾಟನ್‌ಪೇಟೆಯಲ್ಲಿ ಬಟ್ಟೆಯ ಮೂಟೆ ಹೊರಲು ಬೆಳಗಾಗುವ ಮೊದಲೇ ಹೊರಡುತ್ತಿದ್ದರು. ಅಮ್ಮ ಮಲ್ಲೇಶ್ವರದ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಸಾಲಿನಲ್ಲಿ ನಿಂತವರಿಗಷ್ಟೇ ನೀರು. ಬರೀ ಬಿಂದಿಗೆ ಇಟ್ಟುಹೋದರೆ ಅದನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳುತ್ತಿದ್ದರು. ನಿಲ್ಲುವ ಕೆಲಸ ಅಕ್ಕನಿಗೆ ಬಂತು, ಹುಡುಗಿ ಅಂತ.

ಅವಳ ಏಳನೇ ಕ್ಲಾಸಿನ ಗಣಿತದ ನೋಟ್‌ಬುಕ್ ಈಗಲೂ ಕಣ್ಣ ಮುಂದಿದೆ. ತಪ್ಪಿದ ದಿನಕ್ಕೊಂದು ಹಾಳೆ ಖಾಲಿ ಬಿಡುತ್ತಿದ್ದಳು, ಆಮೇಲೆ ಗೆಳತಿಯರದು ನೋಡಿ ಬರೆದುಕೊಳ್ಳೋಣ ಅಂತ. ಭಿನ್ನರಾಶಿ ಕೂಡುವುದು ಅವಳಿಗೆ ಗೊತ್ತಿತ್ತು, ಕಳೆಯುವುದು ಗೊತ್ತಿರಲಿಲ್ಲ. ಕಳೆಯುವುದನ್ನು ಹೇಳಿಕೊಟ್ಟ ದಿನ ನೀರು ಬಂದಿತ್ತು.

ನಾನು ಅದೇ ಶಾಲೆಯಲ್ಲಿ ಐದನೇ ಕ್ಲಾಸು. ಒಂದು ದಿನವೂ ತಪ್ಪಿಸಿದವನಲ್ಲ. ವರ್ಷಪೂರ್ತಿ ಬಂದವರಿಗೆ ಹೆಸರು ಕೆತ್ತಿಸಿದ ಸ್ಟೀಲ್ ಲೋಟ ಕೊಡುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿದ್ದರು.

ಆ ವರ್ಷದ ಹಾಜರಿ ಪುಸ್ತಕ ಮುಚ್ಚಲು ಎರಡೇ ದಿನ ಉಳಿದಿದ್ದಾಗ ಟೀಚರ್ ಅಕ್ಕನನ್ನು ಕರೆದು, ಇನ್ನೊಂದು ದಿನ ತಪ್ಪಿದರೂ ಪಬ್ಲಿಕ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಮಾರನೆಯ ದಿನ ನೀರಿನ ದಿನ.

ಅವತ್ತು ಬೆಳಿಗ್ಗೆ ಅಕ್ಕ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಂಡು, ಒಗೆದ ಯೂನಿಫಾರ್ಮ್ ಹಾಕಿಕೊಂಡಳು. ಪಾಚಿ ವಾಸನೆಯ ಪ್ಲಾಸ್ಟಿಕ್ ಬಿಂದಿಗೆಗಳನ್ನು ಹೊಸ್ತಿಲ ಬಳಿ ಸಾಲಾಗಿ ಇಟ್ಟಳು.

"ಇವತ್ತೊಂದಿನ ನೀನು ನಿಂತ್ಕೊಳ್ಳೋ. ಕೈ ಮುಗೀತೀನಿ."

"ನನ್ನ ಲೋಟ ಹೋಗುತ್ತೆ," ಅಂದೆ.

"ನನ್ನ ಏಳನೇ ಕ್ಲಾಸೇ ಹೋಗುತ್ತೆ ಕಣೋ."

ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ. ತೀರ್ಮಾನ ನನ್ನದೇ ಆಗಿತ್ತು. ಚೀಲ ಎತ್ತಿಕೊಂಡು ಓಡಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅಕ್ಕ ಯೂನಿಫಾರ್ಮಿನಲ್ಲೇ ಸಾಲಿನಲ್ಲಿ ನಿಂತಿದ್ದಳು. ಅವಳೂ ಓಡಿಬರಬಹುದಿತ್ತು. ಬಂದಿದ್ದರೆ ಮನೆಯಲ್ಲಿ ಎರಡು ದಿನ ಕುಡಿಯಲೂ ನೀರಿರುತ್ತಿರಲಿಲ್ಲ.

ಹಾಲ್ ಟಿಕೆಟ್ ಬಂದಾಗ ಅವಳದಿರಲಿಲ್ಲ. ಮರುವರ್ಷ ಅಪ್ಪ ಅವಳನ್ನು ಶಾಲೆಗೆ ಕಳಿಸಲಿಲ್ಲ. ಹೇಗೂ ಅರ್ಧ ವರ್ಷ ಮನೆಯಲ್ಲೇ ಇರುತ್ತಿದ್ದಳಲ್ಲ, ಇನ್ನರ್ಧವೂ ಇರಲಿ ಎಂದರು. ಬೇಗನೆ ಮದುವೆಯನ್ನೂ ಮಾಡಿದರು. ನನಗೆ ಲೋಟ ಸಿಕ್ಕಿತು. ನಾನು ಓದುತ್ತ ಕೂತಾಗ ಅದರಲ್ಲಿ ನೀರು ತಂದುಕೊಡುತ್ತಿದ್ದವಳೂ ಅಕ್ಕನೇ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಕಷ್ಟಪಟ್ಟೇ ಓದಿದೆ. ಆದರೆ ಆ ಒಂದು ದಿನವನ್ನು ನಾನು ಕಷ್ಟಪಟ್ಟು ಗಳಿಸಲಿಲ್ಲ, ಅಕ್ಕನಿಂದ ಕಿತ್ತುಕೊಂಡೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾವ ಹೊತ್ತಿಗೆ ನಲ್ಲಿ ತಿರುಗಿಸಿದರೂ ನೀರು ಬರುತ್ತದೆ. ಶಾಲೆಯ ಬಸ್ಸು ಗೇಟಿಗೇ ಬಂದು ನಿಲ್ಲುತ್ತದೆ. ಹೋದ ವಾರ ನಿಮ್ಮಲ್ಲೊಬ್ಬ ಹೊಟ್ಟೆನೋವು ಅಂತ ಸುಳ್ಳು ಹೇಳಿ, ಮನೆಯಲ್ಲೇ ಉಳಿದು ಕ್ರಿಕೆಟ್ ನೋಡಿದ. ಅಜ್ಜಿ ಬೈಯಲಿಲ್ಲ. ಎರಡು ದಿನ ಬಿಟ್ಟು ಅವನ ನೋಟ್‌ಬುಕ್ ತೆಗೆದಳು. ಅವನು ಹಾಳೆ ಬಿಟ್ಟಿರಲಿಲ್ಲ. ಸೋಮವಾರದ ಲೆಕ್ಕದ ಕೆಳಗೇ ಬುಧವಾರದ್ದು ಬರೆದಿದ್ದ, ನಡುವೆ ಏನೂ ತಪ್ಪಿಹೋಗಿಲ್ಲ ಅನ್ನುವ ಹಾಗೆ. ಅಜ್ಜಿ ಅಲ್ಲಿ ಬೆರಳಿಟ್ಟಳು.

"ಇಲ್ಲೊಂದಿನ ಇಲ್ವಲ್ಲೋ," ಅಂದಳು.

ಹಾಗೆನ್ನುವಾಗ ಅವಳು ನೋಡಿದ್ದು ಅವನನ್ನಲ್ಲ, ನನ್ನನ್ನು.