ಎಣ್ಣೆ ಹಚ್ಚಿದ ಚಕ್ರ

ಬೆರಳಿಗೆ ಎಣ್ಣೆ ಹತ್ತಿತು. ದಿಲಾವರ್ ಅದನ್ನು ಹೆಬ್ಬೆರಳಿಗೆ ಉಜ್ಜಿ ಮೂಸಿ ನೋಡಿದ. ಕೊಬ್ಬರಿ ಎಣ್ಣೆ. ಬಂದದ್ದು ಜಂಪಣ್ಣನ ಸೈಕಲ್ಲಿನ ರಿಮ್ಮಿನಿಂದ, ಟೈರು ಕೂರುವ ಆ ಉಕ್ಕಿನ ಬಳೆಯಿಂದ. ಬ್ರೇಕು ಹಿಡಿದಾಗ ರಬ್ಬರಿನ ತುಂಡು ಬಂದು ಒತ್ತಿಕೊಳ್ಳುವುದು ಅಲ್ಲಿಗೇ. ಪಕ್ಕದ ಸೈಕಲ್ಲು ಮುಟ್ಟಿದ. ಅಲ್ಲೂ ಎಣ್ಣೆ. ಅದರಾಚೆಯದಕ್ಕೂ. ಅಂಗಡಿಯ ಮುಂದೆ ಚೆಂಡುಹೂ ಮುಡಿದು ನಿಂತಿದ್ದ ಎಂಟು ಸೈಕಲ್ಲುಗಳ ಹದಿನಾರು ಚಕ್ರಗಳನ್ನೂ ಮುಟ್ಟಿ ಮುಗಿಸುವ ಹೊತ್ತಿಗೆ ಅವನ ಅಂಗೈ ಜಾರುತ್ತಿತ್ತು. ಒಂಬತ್ತನೆಯದರ ಜಾಗ ಖಾಲಿ. ನೆಲದ ಮೇಲೆ ಅಪ್ಪಚ್ಚಿಯಾದ ಎರಡು ನಿಂಬೆಹಣ್ಣು ಬಿದ್ದಿದ್ದವು. ಆ ಸೈಕಲ್ಲು ಏರಿ ಸೂಲಗಿತ್ತಿ ಏಕನಾಥಮ್ಮ ಹೊಳಲ್ಕೆರೆ ದಾರಿ ಹಿಡಿದು ಕಾಲು ಗಂಟೆಯಾಗಿತ್ತು.

"ಯಾರು ಹಚ್ಚಿದ್ದು ಇದನ್ನ?"

"ನಾನೇ ಕಣಪ್ಪ," ಎಂದ ಜಂಪಣ್ಣ, ಜರಿಪೇಟ ಸರಿಮಾಡಿಕೊಳ್ಳುತ್ತ. "ಹೆಂಗೈತೆ? ಮುಖ ನೋಡ್ಕಂಡು ಮೀಸೆ ತಿರುವಬಹುದು."

"ಆ ಹೆಂಗಸರ ಸೈಕಲ್ಲಿಗೂ ಹಚ್ಚಿದ್ರಾ?"

"ಅದಕ್ಕೇ ಮೊದ್ಲು. ಪಂಕ್ತೀಲಿ ಭೇದ ಮಾಡಬಾರದಲ್ಲ."

ದಿಲಾವರ್ ಹೊಳಲ್ಕೆರೆ ದಾರಿಯ ಕಡೆಗೆ ತಿರುಗಿದ.

ಅವನ ಅಜ್ಜನೂ ಅಪ್ಪನೂ ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಕುದುರೆಗಳಿಗೆ ಲಾಳ ಹೊಡೆದು ಬದುಕಿದವರು. ಅದೇ ಮಾಡಿನ ಕೆಳಗೆ, ಅಪ್ಪನ ಅದೇ ಸುತ್ತಿಗೆ ಇಟ್ಟುಕೊಂಡು ದಿಲಾವರ್ ಆರು ವರ್ಷದ ಹಿಂದೆ, ಅಂದರೆ ಸಾವಿರದ ಒಂಬೈನೂರ ಏಳರಲ್ಲಿ, ಸೈಕಲ್ಲು ರಿಪೇರಿಗೆ ಇಳಿದ. ಆಗ ಊರಿನಲ್ಲಿದ್ದ ಸೈಕಲ್ಲು ಮೂರು. ಈಗ ಅವನು ತುಳಿಯುವುದೊಂದನ್ನು ಬಿಟ್ಟು ಒಂಬತ್ತು. ಸಂಜೆ ಐದಕ್ಕೆ ಅವುಗಳಲ್ಲಿ ಎಂಟರ ಯಜಮಾನರು ಅಂಗಡಿಯ ಮುಂದೆ ಸೇರುತ್ತಿದ್ದರು. ಕೊರಳವರೆಗೆ ಗುಂಡಿ ಹಾಕಿದ ಕೋಟು, ಇಸ್ತ್ರಿ ಮಾಡಿದ ಕಚ್ಚೆಪಂಚೆ, ತಲೆಗೆ ಪೇಟ, ಕಾಲಿಗೆ ಬೂಟು. ಯಾರೊಬ್ಬರೂ ಸಾದಾ ಬಟ್ಟೆಯಲ್ಲಿ ಬರುವಂತಿರಲಿಲ್ಲ. ಪಂಚೆಯ ಅಂಚು ಚೈನಿಗೆ ಸಿಗಬಾರದೆಂದು ದಿಲಾವರ್ ಕಣಕಾಲಿಗೆ ಹಾಕುವ ಹಿತ್ತಾಳೆಯ ಪಟ್ಟಿಗಳನ್ನು ತಾನೇ ಬಡಿದು ಕೊಟ್ಟಿದ್ದ. ಅದನ್ನು ಹಾಕಿಕೊಂಡು ಸಾಲಾಗಿ ಹಳೇ ಕೋಟೆಯ ರಂಗಯ್ಯನ ಬಾಗಿಲತನಕ ಹೋಗಿ ಬಂದು, ಅಂಗಡಿಯ ಬೆಂಚಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರೆ ದೀಪ ಹಚ್ಚುವ ತನಕ ಮಾತು. ಹತ್ತಿಯ ವ್ಯಾಪಾರಿ ಜಂಪಣ್ಣ ಆ ಕೂಟದ ಶೋಕಿಲಾಲ. ಶಾಲೆಯ ಹಾಲಸ್ವಾಮಿ ಮೇಷ್ಟ್ರು ಅದರ ಹಿರಿಯರು.

ದಿಲಾವರನ ಸ್ವಂತ ಸೈಕಲ್ಲನ್ನು ಈ ಕೂಟ ಕತ್ತೆ ಎಂದು ಕರೆಯುತ್ತಿತ್ತು. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ಗುಜರಿಗೆ ಎಸೆದದ್ದನ್ನು ಅವನು ತಂದು ಕೂಡಿಸಿದ್ದ. ಬಣ್ಣವಿಲ್ಲ, ಗಂಟೆಯಿಲ್ಲ, ಬ್ರೇಕೂ ಇಲ್ಲ. ಅದರ ಹಲ್ಲುಚಕ್ರ ಹಿಂದಿನ ಗಾಲಿಗೇ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು, ಕಾಲಲ್ಲಿ ಪೆಡಲು ತಡೆದರೆ ಗಾಲಿಯೂ ನಿಲ್ಲುತ್ತದೆ.

ಆಯುಧಪೂಜೆಯ ದಿನ ದಿಲಾವರ್ ಅಂಗಡಿಯನ್ನು ಗಿರಾಕಿಗಳಿಗೆ ಬಿಟ್ಟುಕೊಟ್ಟು ಹಿಂದಿನ ಮನೆಯಲ್ಲಿ ಇದ್ದುಬಿಡುತ್ತಿದ್ದ. ಅವರ ಹಬ್ಬ, ಅವರೇ ಮಾಡಲಿ ಎಂದು. ಅವರು ಬೆಳಗ್ಗೆ ಬಂದು ಸೈಕಲ್ಲು ತೊಳೆದು, ಒರೆಸಿ, ಹೂ ಸುತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದರು. ಪೂಜೆಯಾದ ಗಾಡಿ ಮರುದಿನ ಬನ್ನಿ ಮುಡಿಯುವ ತನಕ ಕದಲುವಂತಿಲ್ಲ. ಜಂಪಣ್ಣನ ಮನೆಯಲ್ಲಿ ನಾಲ್ಕು ಎತ್ತಿನ ಗಾಡಿ. ಹಬ್ಬದ ದಿನ ಅವುಗಳ ಚಕ್ರದ ಕಬ್ಬಿಣದ ಪಟ್ಟಿಗೆ ಎಣ್ಣೆ ಹಚ್ಚಿ ಮಿರಿಮಿರಿ ಮಾಡುವುದು ಅಜ್ಜನ ಕಾಲದ ವಾಡಿಕೆ. ಅದನ್ನೇ ಅವನು ಈ ವರ್ಷ ಸೈಕಲ್ಲಿಗೂ ಮಾಡಿದ್ದ. ಎತ್ತಿನ ಗಾಡಿಗೆ ಬ್ರೇಕಿಲ್ಲ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಏಕನಾಥಮ್ಮ ಬಂದದ್ದು ಮಂಗಳಾರತಿಯ ಹೊತ್ತಿಗೆ. ಆಕೆ ಬೆಂಗಳೂರಿನಲ್ಲಿ ಕಲಿತು ಬಂದ ಸೂಲಗಿತ್ತಿ, ಸರ್ಕಾರಿ ಆಸ್ಪತ್ರೆಯ ಕೆಲಸ. ಅವಳ ಬೆನ್ನ ಹಿಂದೆ ಮುರುಗಪ್ಪ ಎಂಬ ರೈತ ಏದುಸಿರು ಬಿಡುತ್ತಿದ್ದ. ಐದು ಮೈಲಿ ಆಚೆಯ ಹಟ್ಟಿಯಿಂದ ಓಡಿ ಬಂದವನು. ಅವನ ಹೆಂಡತಿ ಕೊಟ್ರಮ್ಮನಿಗೆ ಹಿಂದಿನ ದಿನದಿಂದ ನೋವು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಜಟಕಾದವರೆಲ್ಲ ಚಕ್ರ ಕಳಚಿ ಪೂಜೆಗಿಟ್ಟಿದ್ದರು, ಎತ್ತು ಕಟ್ಟಲು ಯಾರೂ ಒಪ್ಪಿರಲಿಲ್ಲ.

"ನಾಳೆ ತನಕ ಗಾಡಿ ಕದಲಂಗಿಲ್ಲ ತಂಗಿ," ಎಂದರು ಹಾಲಸ್ವಾಮಿ ಮೇಷ್ಟ್ರು.

"ಹಂಗಾದ್ರೆ ಕೂಸಿಗೆ ನಾಳೆ ಬಾ ಅಂತ ನೀವೇ ಹೇಳ್ರಿ ಮೇಷ್ಟ್ರೇ. ನನ್ನ ಮಾತು ಅದು ಕೇಳಂಗಿಲ್ಲ."

ಯಾರೋ ನಕ್ಕರು. ಮೇಷ್ಟ್ರ ಮುಖ ಬಿಗಿಯಿತು. ಹೆಂಗಸು ಸೈಕಲ್ಲು ಹತ್ತುವುದೇ ಅವರಿಗೆ ಸರಿಬಂದಿರಲಿಲ್ಲ. "ಸಾಬ್ರೆ, ಆ ಸೈಕಲ್ಲು ನಿಮ್ಮದು. ನೀವು ಹೇಳ್ರಿ," ಎಂದು ಹಿಂದಿನ ಬಾಗಿಲಿಗೆ ಕೂಗಿದರು.

ಅದು ಮಿಷನ್ನಿನ ದೊರೆಸಾನಿಯೊಬ್ಬಳು ಊರು ಬಿಡುವಾಗ ದಿಲಾವರನಿಗೆ ಮಾರಿದ್ದ ಸೈಕಲ್ಲು. ಅದರ ಮೇಲೆ ಏಕನಾಥಮ್ಮನಿಗೆ ಕಲಿಸಿದವನೂ ಅವನೇ. ಕಲಿಯುವ ಎರಡು ತಿಂಗಳೂ ಅವನ ಹೆಂಡತಿ ಮಲೀಕಾ ಪಕ್ಕದಲ್ಲಿ ಓಡಿದ್ದಳು. ಸೀರೆ ಗಾಲಿಗೆ ಸಿಗದಂತೆ ಹುರಿಯ ಬಲೆ ಹೆಣೆದು ಕಟ್ಟಿದವಳೂ ಅವಳೇ. ಏಕನಾಥಮ್ಮ ಕಚ್ಚೆ ಹಾಕಿ ಉಟ್ಟ ಬಿಳಿ ಸೀರೆಯಲ್ಲಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಪೇಟೆಯಲ್ಲಿ ಹೋಗುವಾಗ ಜಂಪಣ್ಣನ ಜರಿಪೇಟವನ್ನೂ ಜನ ಮರೆಯುತ್ತಿದ್ದರು.

ದಿಲಾವರ್ ಹೊರಗೆ ಬಂದ, ಯಾರ ಮುಖವನ್ನೂ ನೋಡದೆ ಸೈಕಲ್ಲನ್ನು ಸಾಲಿನಿಂದ ತೆಗೆದ, ಅವಳ ಕೈಗೆ ಕೊಟ್ಟ. ಮುರುಗಪ್ಪ ಗುಡ್ಡದ ಕಾಲುದಾರಿ ಹಿಡಿದು ಓಡಿದ. ಮೇಷ್ಟ್ರೊಂದಿಗಿನ ಮಾತು ಮುಂದೆ ಕಾಲು ಗಂಟೆ ನಡೆಯಿತು.

ಆ ಗಲಾಟೆಯಲ್ಲಿ ಅವನು ಒಂದು ಕೆಲಸ ಮರೆತಿದ್ದ. ಯಾವ ಸೈಕಲ್ಲನ್ನಾದರೂ ಕೊಡುವ ಮುಂಚೆ ಬ್ರೇಕು ಬಿಗಿಯಾಗಿ ಹಿಡಿದು ಮುಂದಕ್ಕೆ ತಳ್ಳಿ ನೋಡುವುದು ಅವನ ರೂಢಿ. ಚಕ್ರ ನೆಲದ ಮೇಲೆ ಎಳೆದುಕೊಂಡು ಬಂದರೆ ಸರಿ, ಉರುಳಿದರೆ ಕೊಡುವುದಿಲ್ಲ. ಆರು ವರ್ಷದಲ್ಲಿ ತಪ್ಪದ ರೂಢಿ ಇವತ್ತು ತಪ್ಪಿತ್ತು.

ಈಗ ಅವನು ಮನಸ್ಸಿನಲ್ಲೇ ದಾರಿ ಅಳೆದ. ಮೂರನೆಯ ಮೈಲಿಗಲ್ಲಿನತನಕ ಮಟ್ಟದ ದಾರಿ. ಹಬ್ಬದ ದಿನ ಎದುರಿಗೆ ಗಾಡಿಯೂ ಬರದು, ಬ್ರೇಕು ಹಿಡಿಯುವ ಪ್ರಸಂಗವೇ ಇಲ್ಲ. ಅಲ್ಲಿಂದ ಅರ್ಧ ಫರ್ಲಾಂಗು ಏರು, ಅವಳು ಇಳಿದು ತಳ್ಳುತ್ತಾಳೆ. ಆಮೇಲೆ ಮೂರು ಫರ್ಲಾಂಗು ಇಳಿಜಾರು. ಅದರ ಬುಡದಲ್ಲಿ ದಾರಿ ಎಡಕ್ಕೆ ಹೊರಳಿ ಮೋರಿ ದಾಟುತ್ತದೆ. ಮೋರಿಯ ಗೋಡೆ ಮೊಣಕಾಲೆತ್ತರ, ಆಚೆಗೆ ಒಣಗಿದ ಹಳ್ಳದ ಬಂಡೆಗಳು. ಇಳಿಜಾರಿನ ತಲೆಗೆ ಅವಳು ಮುಟ್ಟಲು ಒಟ್ಟು ಅರ್ಧ ಗಂಟೆ. ಉಳಿದಿದ್ದು ಹದಿನೈದು ನಿಮಿಷ.

"ಎಣ್ಣೆ ಒರೆಸಿ ಕೊಡ್ತೀನಿ, ನನ್ನ ಸೈಕಲ್ಲು ತಗಂಡು ಹೋಗು," ಎಂದ ಜಂಪಣ್ಣ. ಅವನಿಗೂ ಈಗ ವಿಷಯ ಹೊಳೆದಿತ್ತು.

"ಒರೆಸೋಕೆ ಹೊತ್ತಿಲ್ರಿ."

ಅಷ್ಟರಲ್ಲಿ ಮಲೀಕಾ ಕತ್ತೆಯನ್ನು ಹಿತ್ತಲಿನಿಂದ ದೂಡಿಕೊಂಡು ಬಂದಿದ್ದಳು. ಚೆಂದವಿಲ್ಲದ್ದೆಂದು ಅದನ್ನು ಯಾರೂ ಪೂಜೆಗೂ ಇಟ್ಟಿರಲಿಲ್ಲ, ಎಣ್ಣೆಯನ್ನೂ ಹಚ್ಚಿರಲಿಲ್ಲ. "ಹೋಗ್ರಿ. ನಿಂತು ಏನು ನೋಡ್ತೀರಿ!" ಎಂದಳು.

ದಿಲಾವರ್ ಆ ದಿನ ತುಳಿದಂತೆ ಮತ್ತೆಂದೂ ತುಳಿಯಲಿಲ್ಲ. ಮೊದಲನೆಯ ಮೈಲಿಗಲ್ಲು ದಾಟಿದ. ಮಣ್ಣಿನ ಮೇಲೆ ಟೈರಿನ ಒಂದೇ ಒಂದು ಗುರುತು, ನೆಟ್ಟಗೆ, ಎಲ್ಲೂ ನಿಲ್ಲದೆ ಹೋಗಿತ್ತು. ಅವಳು ಒಮ್ಮೆಯಾದರೂ ನಿಂತಿರಲಿ, ನೀರಿಗೋ ದಣಿವಿಗೋ ಇಳಿದಿರಲಿ ಎಂದು ಅವನು ಕಣ್ಣಿಟ್ಟು ಹುಡುಕಿದ. ಇಳಿದ ಗುರುತಿರಲಿಲ್ಲ. ತಾನೇ ಕಲಿಸಿದ್ದು: ಹದವಾಗಿ ತುಳಿ, ನಡುವೆ ನಿಲ್ಲಿಸಬೇಡ. ಎರಡನೆಯ ಕಲ್ಲು. ಎದೆಯಲ್ಲಿ ಉಸಿರು ಕೊರೆಯುತ್ತಿತ್ತು. ಅವಳು ಬಿದ್ದರೆ ಹಟ್ಟಿಯಲ್ಲಿ ಇನ್ನೆರಡು ಜೀವ. ಮೂರನೆಯ ಕಲ್ಲಿನ ಹತ್ತಿರ ಟೈರಿನ ಗುರುತಿನ ಪಕ್ಕದಲ್ಲಿ ಚಪ್ಪಲಿಯ ಹೆಜ್ಜೆ ಕಂಡವು. ಏರಿಗೆ ಇಳಿದಿದ್ದಾಳೆ. ಅವನು ತಲೆ ಎತ್ತಿದ. ಏರಿನ ತುದಿಯಲ್ಲಿ ಬಿಳಿ ಸೀರೆ. ಅವಳು ಸೀಟಿನ ಮೇಲೆ ಕೂರುತ್ತಿದ್ದಳು.

"ಏಕನಾಥಮ್ಮಾ! ಇಳೀರಿ!"

ಗಾಳಿ ಎದುರಿನದು. ಬಿಳಿ ಸೀರೆ ಏರಿನ ಆಚೆಗೆ ಮುಳುಗಿತು.

ಅವನು ಏರನ್ನು ನಿಂತೇ ತುಳಿದ. ತುದಿಗೆ ಬಂದಾಗ ಅವಳು ನೂರು ಮಾರು ಕೆಳಗಿದ್ದಳು. ಎರಡು ಕೈಯಲ್ಲೂ ಬ್ರೇಕು ಅಮುಕಿ ಹಿಡಿದಿದ್ದು ಹಿಂದಿನಿಂದಲೇ ಕಾಣುತ್ತಿತ್ತು. ಭುಜಗಳು ಕಿವಿಯತನಕ ಏರಿದ್ದವು. ಸೈಕಲ್ಲು ನಿಲ್ಲುತ್ತಿರಲಿಲ್ಲ. ಅವಳು ಒಂದು ಕಾಲು ನೆಲಕ್ಕೆ ಊರಲು ನೋಡಿದಳು, ಚಪ್ಪಲಿ ಕಿತ್ತು ಹಿಂದಕ್ಕೆ ಹಾರಿತು.

ದಿಲಾವರ್ ಕತ್ತೆಯನ್ನು ತಡೆಯದೆ ಇಳಿಜಾರಿಗೆ ಬಿಟ್ಟುಬಿಟ್ಟ. ಪೆಡಲುಗಳು ಅವನ ಕಾಲನ್ನೇ ಎತ್ತೆತ್ತಿ ಒಗೆಯತೊಡಗಿದವು. ಐವತ್ತು ಮಾರು. ಇಪ್ಪತ್ತು. ಅವಳಿಗೆ ಅವನ ದನಿ ಈಗ ಕೇಳಿತು.

"ಹಿಂದೆ ನೋಡಬ್ಯಾಡ್ರಿ! ಹ್ಯಾಂಡಲ್ಲು ನೆಟ್ಟಗೆ ಇಟ್ಕಳ್ರಿ, ಅಷ್ಟೇ!"

ಅವಳು ನೋಡಲಿಲ್ಲ. ಅವನು ಬಲಗೈ ಚಾಚಿ ಅವಳ ಸೀಟಿನ ಹಿಂದಿನ ಕ್ಯಾರಿಯರಿನ ಕಂಬಿ ಹಿಡಿದ. ಭುಜ ಕಳಚಿದಂತಾಯಿತು. ಆಮೇಲೆ ಎರಡು ಕಾಲಲ್ಲೂ ಪೆಡಲನ್ನು ಹಿಂದಕ್ಕೆ ಒತ್ತಿದ. ಒಂದೇ ಸಲ ಒತ್ತಿದರೆ ಇಬ್ಬರೂ ಮಗುಚುತ್ತಾರೆ. ಒಂದು ಸುತ್ತಿಗೆ ಇಷ್ಟು, ಮುಂದಿನ ಸುತ್ತಿಗೆ ಇನ್ನಿಷ್ಟು ಎಂದು ಒತ್ತಿದ. ಮೋರಿಯ ಬಿಳಿ ಗೋಡೆ ದೊಡ್ಡದಾಗುತ್ತ ಬಂತು. ಎಡಮೊಣಕಾಲಿನೊಳಗೆ ಏನೋ ಹರಿದ ಹಾಗೆ ಸದ್ದಾಯಿತು. ಅವನು ಒತ್ತುವುದು ಬಿಡಲಿಲ್ಲ. ಕುದುರೆ ಓಟ ಹೋಗಿ ನಡಿಗೆಯಾಯಿತು, ನಡಿಗೆಯೂ ನಿಂತಿತು. ಅವನು ಕತ್ತೆಯ ಸಮೇತ ಪಕ್ಕಕ್ಕೆ ಉರುಳಿದ. ಮೋರಿಗೆ ಹನ್ನೆರಡು ಮಾರು ಉಳಿದಿತ್ತು.

ಏಕನಾಥಮ್ಮ ಇಳಿದು ಸೈಕಲ್ಲನ್ನು ಹಿಡಿದುಕೊಂಡೇ ನಿಂತಳು. ಮೊದಲು ಮಾತಾಡಿದ್ದು ಅವಳೇ. "ಕಾಲು ನೋಡಾಣ ದಿಲಾವರಣ್ಣ."

"ಕಾಲು ಇಲ್ಲೇ ಇರ್ತೈತೆ. ರಿಮ್ಮಿಗೆ ಎಣ್ಣೆ ಹಚ್ಚವರೆ. ಒಣಮಣ್ಣು ತಗಂಡು ತಿಕ್ಕ್ರಿ."

ಇಬ್ಬರೂ ದಾರಿಯ ನುಣುಪು ಮಣ್ಣು ಹಾಕಿ ಉಜ್ಜಿದರು. ಅವನ ಅಂಗಿಯಿಂದ ಒರೆಸಿದರು, ಮತ್ತೆ ಮಣ್ಣು ಹಾಕಿದರು. ಮೂರು ಸಲ. ರಬ್ಬರಿನ ತುಂಡುಗಳನ್ನು ಅವನು ಕಲ್ಲಿಗೆ ತಿಕ್ಕಿ ಕೊಟ್ಟ. ಆಮೇಲೆ ಕೂತಲ್ಲಿಂದಲೇ, "ಬ್ರೇಕು ಹಿಡಿದು ತಳ್ಳ್ರಿ," ಎಂದ. ಚಕ್ರ ಉರುಳದೆ ನೆಲದ ಮೇಲೆ ಗೀರು ಎಳೆಯಿತು. ಅವಳು ಒಂದು ಕ್ಷಣ ಆ ಗೀರನ್ನು ನೋಡಿದಳು, ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಏರಿ ಹೊರಟಳು.

ದಿಲಾವರ್ ಕತ್ತೆಯ ಮೇಲೆ ಭಾರ ಬಿಟ್ಟು ಕುಂಟುತ್ತ ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಜಂಪಣ್ಣ ಕೋಟು ಕಳಚಿ, ಪೇಟ ಬದಿಗಿಟ್ಟು, ಮಲೀಕಾ ಕೊಟ್ಟ ಒಲೆಬೂದಿಯಲ್ಲಿ ರಿಮ್ಮು ತಿಕ್ಕುತ್ತ ನೆಲದ ಮೇಲೆ ಕೂತಿದ್ದ. ತಲೆ ಎತ್ತಲು ಅವನಿಗೆ ಧೈರ್ಯವಿರಲಿಲ್ಲ.

"ನಿಂತ್ಲು," ಎಂದ ದಿಲಾವರ್. "ಸುಖವಾಗಿ ಅವಳೆ."

"ಅಯ್ಯೋ, ನನ್ನ ಕೈಗೆ..."

"ಎಣ್ಣೆ ನೀವು ಹಚ್ಚಿದ್ರಿ, ತಳ್ಳಿ ನೋಡ್ದೆ ಕೊಟ್ಟೋನು ನಾನು. ಅರ್ಧ ಅರ್ಧ ಹಂಚ್ಕಳಾಣ."

ಹಾಲಸ್ವಾಮಿ ಮೇಷ್ಟ್ರು ಎದ್ದು ಬೆಂಚಿನಲ್ಲಿ ಜಾಗ ಬಿಟ್ಟರು. "ಕುಂತ್ಕಳ್ರಿ ಸಾಬ್ರೆ," ಎಂದರು. ಕತ್ತಲಾಗುವ ತನಕ ದಾರಿಯ ಕಡೆಗೇ ಮುಖಮಾಡಿ ನಿಂತಿದ್ದವರು ಅವರು. ಆರರ ಹೊತ್ತಿಗೆ ಸೈಕಲ್ಲಿನ ಗಂಟೆಯ ಸದ್ದು ಮೊದಲು ಕೇಳಿದ್ದೂ ಅವರಿಗೇ.

ಏಕನಾಥಮ್ಮ ಇಳಿದಳು. ಸೀರೆಯ ತುಂಬ ಕಲೆ, ಕಣ್ಣಿನ ತುಂಬ ನಿದ್ದೆ. "ಹೆಣ್ಣು," ಎಂದಳು. "ತಾಯಿನೂ ಗಟ್ಟಿ ಅವಳೆ. ನಾಳೆ ಬಾ ಅಂದ್ರೂ ಕೇಳ್ಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಮುಖ ತಿರುಗಿಸಿ ಮೂಗು ಒರೆಸಿಕೊಂಡರು.

ದಿಲಾವರನ ಎಡಮೊಣಕಾಲು ಮುಂದೆ ಪೂರ್ತಿ ಮಡಿಯಲಿಲ್ಲ. ಅವನು ಇಪ್ಪತ್ತಾರು ವರ್ಷ ಆ ಅಂಗಡಿಯನ್ನು ನಿಂತುಕೊಂಡೇ ನಡೆಸಿದ. ಆಯುಧಪೂಜೆಗೆ ಆಮೇಲೂ ಗಿರಾಕಿಗಳದೇ ಯಜಮಾನಿಕೆ, ಹೂವೂ ನಿಂಬೆಹಣ್ಣೂ ಹಾಗೇ ಇದ್ದವು. ಹಿಂದಿನ ಮನೆಯ ಬಾಗಿಲು ಮಾತ್ರ ಆ ದಿನ ಮುಚ್ಚುತ್ತಿರಲಿಲ್ಲ. ಪೂಜೆಗೆ ಮುಂಚೆ ಜಂಪಣ್ಣ ಒಂದೊಂದೇ ಸೈಕಲ್ಲನ್ನು ತಂದು ಬ್ರೇಕು ಹಿಡಿದು ತಳ್ಳಬೇಕು, ಬಾಗಿಲಲ್ಲಿ ನಿಂತ ದಿಲಾವರ್ ನೆಲದ ಗೀರು ನೋಡಬೇಕು.

"ಇದು ಸರಿ ಐತಲ್ಲಪ್ಪ?"

"ಉರುಳ್ತು."

"ಎಲ್ಲಿ ಉರುಳ್ತು? ಒಂದು ಬೆರಳಷ್ಟು!"

"ಇನ್ನೊಂದು ಸಲ ಒರೆಸ್ರಿ ಜಂಪಣ್ಣಾರೆ."

ಜಂಪಣ್ಣ ಗೊಣಗುತ್ತ ಬೂದಿಯ ಬುಟ್ಟಿಯ ಕಡೆಗೆ ಹೋಗುತ್ತಿದ್ದ.