ಚೆಂಡೇ ಇಲ್ಲದ ಚಿತ್ರಗಳು

ನನ್ನ ಗಂಡನ ಅಣ್ಣ, ನಮ್ಮ ಭಾವನವರು, ನಿವೃತ್ತ ಡ್ರಾಯಿಂಗ್ ಮಾಸ್ತರು. ಅವರೂರು ಗಡಹಿಂಗ್ಲಜದಲ್ಲಿ ಫುಟ್‌ಬಾಲ್ ಇದ್ದರೆ ಸಾಕು, ಮೈದಾನದ ಗೆರೆಯ ಪಕ್ಕ ಮಡಚುವ ಸ್ಟೂಲ್ ಹಾಕಿ ಕೂತು, ಆಟ ನಡೆದಂತೆಯೇ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತಾರೆ. ಚಪ್ಪಾಳೆ ಇಲ್ಲ, ಮಾತಿಲ್ಲ. ಯಾರು ಗೆದ್ದರೆಂದು ಕೊನೆಗೆ ನಮ್ಮನ್ನೇ ಕೇಳುತ್ತಾರೆ. ನನ್ನ ಮಗಳು ಅಲ್ಲಿನ ತಂಡಕ್ಕೆ ಗೋಲ್‌ಕೀಪರ್ ಆದ ಮೇಲೆ ಇಚಲಕರಂಜಿಯಿಂದ ನಾನೂ ಪ್ರತಿ ಪಂದ್ಯಕ್ಕೆ ಹೋಗತೊಡಗಿದೆ. ಭಾವನವರ ಸ್ಟೂಲು, ಚೀಲ, ನೀರಿನ ಬಾಟಲಿ ಹೊರುವುದು ನನ್ನ ತಲೆಗೆ ಬಂತು. ಅಷ್ಟು ಮಾಡಿ ಬರೆದದ್ದಾದರೂ ಏನು? ಕಾಗೆಕಾಲು ಗುಬ್ಬಿಕಾಲು. ಒಂದರಲ್ಲೂ ಚೆಂಡೇ ಇರುವುದಿಲ್ಲ! ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಂಥ ಹುಚ್ಚು ಎಂದು ರೋಸಿಹೋಗಿದ್ದೆ.

ಅದರ ಮೇಲೆ ಕೊಲ್ಲಾಪುರದ ತಂಡದೆದುರು ಮಗಳು ಮೂರು ಗೋಲು ಬಿಟ್ಟಳು. ನಾನು ಬೇಲಿಯ ಬಳಿ ನಿಂತು ಗಂಟಲು ಹರಿದುಕೊಂಡಿದ್ದೆ: ಎಡಕ್ಕ ಸರಿ, ಮುಂದ ಬಾ. ಎದುರಿನ ಹುಡುಗಿಯರೆಲ್ಲ ಮರಾಠಿಯವರು, ನಮ್ಮ ಗುಟ್ಟು ಅವರಿಗೆ ತಿಳಿಯಬಾರದೆಂದು ಕನ್ನಡದಲ್ಲೇ ಕೂಗುತ್ತಿದ್ದೆ. ಎಂಥ ಜಾಣತನ ನನ್ನದು! ಇಷ್ಟು ಹೇಳಿಕೊಟ್ಟರೂ ಬಿಟ್ಟಳಲ್ಲ ಎಂದು ಮೈ ಉರಿಯಿತು. ಪಂದ್ಯ ಮುಗಿದ ಮೇಲೆ ಕೋಚ್ ನನ್ನನ್ನು ಕರೆದು, ಹುಡುಗಿ ಚೆಂಡಿಗೆ ಹೆದರುತ್ತಾಳೆ, ಮುಂದಿನ ಭಾನುವಾರ ಕೊನೆಯ ಅವಕಾಶ, ಆಮೇಲೆ ಬೇರೆಯವಳನ್ನು ನಿಲ್ಲಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು.

ಭಾವನವರ ಮನೆಯಲ್ಲಿ ಚಹಾ ಆರುವವರೆಗೂ ನಾನು ಮಗಳನ್ನು ಬೈಯುತ್ತಲೇ ಇದ್ದೆ. ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಭಾವನವರು ನನ್ನ ಮುಂದೆ ಮೂರು ಹಾಳೆ ಇಟ್ಟರು. ಮೂರೂ ಗೋಲು ಬೀಳುವ ಹೊತ್ತಿನವು. ಮೊದಲನೆಯದರಲ್ಲಿ ಮಗಳ ಮೊಣಕಾಲು ಬಾಗಿದೆ, ಕೈ ಚಾಚಿದೆ, ಹೆದರಿಕೆಯ ಸುಳಿವಿಲ್ಲ. ಆದರೆ ಕತ್ತು ಬೇಲಿಯ ಕಡೆ ತಿರುಗಿದೆ. ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಬೇಲಿಯಾಚೆ ಒಬ್ಬ ಹೆಂಗಸು: ಸೆರಗು ಜಾರಿದೆ, ಕೈ ಮೇಲೆತ್ತಿದ್ದಾಳೆ, ಮುಖದ ತುಂಬ ಬಾಯಿ. ಮೊಬೈಲುಗಳೆಲ್ಲ ಚೆಂಡಿನ ಹಿಂದೆ ಓಡಿದ್ದವು, ಇದನ್ನು ನೋಡಿದ್ದು ಈ ಪೆನ್ಸಿಲ್ ಒಂದೇ.

"ನನ್ನ ಕಡೆ ಯಾಕ ನೋಡಿದಿ?" ಎಂದೆ.

"ನೋಡಲಿಲ್ಲಂದ್ರ ಮನಿಗೆ ಹ್ವಾದ ಮ್ಯಾಲ ಬೈತೀಯಲ್ಲ," ಎಂದಳು ಮಗಳು.

ನಾಚಿಕೆಯಾಯಿತು. ಆರಿದ ಚಹಾವನ್ನೇ ಕುಡಿದೆ.

ಭಾನುವಾರ ಅದೇ ಬೇಲಿಯ ಬಳಿ ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಆ ಸಂಕಟ ನನಗೇ ಗೊತ್ತು. ಒಂದು ಗೋಲು ಹೋಯಿತು, ನಾಲ್ಕು ಹಿಡಿದಳು. ಅವಳೇ ಇರಲಿ ಎಂದರು ಕೋಚ್. ನಾನು ಅವರ ಮಾತು ಪೂರ್ತಿ ಕೇಳದೆ ಭಾವನವರ ಹಾಳೆ ಕಸಿದುಕೊಂಡೆ. ಅದರಲ್ಲಿ ಮಗಳ ಕತ್ತು ನೆಟ್ಟಗಿತ್ತು, ಕಣ್ಣು ಮುಂದಿತ್ತು. ಬೇಲಿಯ ಪಕ್ಕ ಮಾತ್ರ ಯಾರೂ ಇರಲಿಲ್ಲ. ಇಡೀ ಆಟ ನಿಂತೇ ಇದ್ದೆನಲ್ಲ, ನಾನೆಲ್ಲಿ ಎಂದು ಸಿಟ್ಟಿನಿಂದ ಕೇಳಿದೆ.

"ಇವತ್ತ ನೀ ಆಟದಾಗ ಇದ್ದಿಲ್ಲ, ತಂಗಿ," ಎಂದರು ಭಾವನವರು.

ನಾನು ಸ್ಟೂಲ್ ಮಡಚಿ ಹೆಗಲಿಗೇರಿಸಿಕೊಂಡೆ.